ವಯಸ್ಸು ಹೇಳುವ ನಾಲಿಗೆ

ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ, ಡೋರು ನದಿಯ ದಂಡೆಗೆ ಹತ್ತಿರದ ಹಳೆಯ ಬೀದಿಯೊಂದರಲ್ಲಿ, ಕಲ್ಲಿನ ಕಮಾನುಗಳ ಮೇಲೆ ನಿಂತ ದೊಡ್ಡ ಕಟ್ಟಡವಿದೆ. ಹೆಸರು ಫ್ಯಾಕ್ಟರಿ ಹೌಸ್. ಅಲ್ಲಿ ಯಂತ್ರಗಳಿಲ್ಲ, ಹೊಗೆಯಿಲ್ಲ. ಪೋರ್ಟ್ ವೈನ್ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ವರ್ತಕರು ತಮ್ಮ ಸಂಘಕ್ಕಾಗಿ 1785ರಿಂದ 1790ರ ನಡುವೆ ಕಟ್ಟಿಸಿಕೊಂಡ ಮನೆ ಅದು. ನಕ್ಷೆ ಹಾಕಿದವರು ಆಗಿನ ಬ್ರಿಟಿಷ್ ಕಾನ್ಸಲ್ ಜಾನ್ ವೈಟ್‌ಹೆಡ್. ಸದಸ್ಯ ಕಂಪನಿಗಳವರು ಬುಧವಾರ ಮಧ್ಯಾಹ್ನ ಇಲ್ಲಿ ಊಟಕ್ಕೆ ಸೇರುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಸರಿಯಾಗಿ ನೂರು ವರ್ಷದ ಹಿಂದಿನ ಅದೇ ದಿನಾಂಕದ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯನ್ನು ಓದಲು ಇಟ್ಟಿರುವುದು ಆ ಮನೆಯ ಇನ್ನೊಂದು ಪದ್ಧತಿ.

ಆದರೆ ಈ ಮನೆಯನ್ನು ಜಗತ್ತಿನ ಬೇರೆಲ್ಲ ಊಟದ ಮನೆಗಳಿಂದ ಬೇರೆಯಾಗಿಸುವುದು ಅದರ ಎರಡನೇ ಪಡಸಾಲೆ.

ಅಕ್ಕಪಕ್ಕದಲ್ಲೇ ಎರಡು ಊಟದ ಪಡಸಾಲೆಗಳು. ಎರಡರಲ್ಲೂ ಒಂದೇ ಉದ್ದದ ಮೇಜು, ಅಷ್ಟೇ ಕುರ್ಚಿಗಳು. ಮೊದಲನೆಯದರಲ್ಲಿ ಊಟ ಮುಗಿಯುತ್ತಿದ್ದಂತೆ ಅತಿಥಿಗಳು ಎದ್ದು ಪಕ್ಕದ ಪಡಸಾಲೆಗೆ ಹೋಗುತ್ತಾರೆ. ಯಾರ ಪಕ್ಕ ಯಾರು ಕೂತಿದ್ದರೋ ಅದೇ ಸಾಲಿನಲ್ಲಿ ಮತ್ತೆ ಕೂರುತ್ತಾರೆ. ಇಷ್ಟೆಲ್ಲ ಮಾಡುವುದು ಒಂದೇ ಕಾರಣಕ್ಕೆ: ಊಟದ ಮೇಜಿನಲ್ಲಿ ಉಳಿದ ಮಾಂಸದ, ಮಸಾಲೆಯ, ಎಣ್ಣೆಯ ವಾಸನೆ ವಯಸ್ಸಾದ ಪೋರ್ಟ್‌ನ ಘಮಕ್ಕೆ ಅಡ್ಡ ಬರಬಾರದು. ಮೂಗಿಗೆ ಸಲ್ಲಬೇಕಾದ ಮರ್ಯಾದೆಗೆಂದು ಒಂದು ಇಡೀ ಪಡಸಾಲೆಯನ್ನೇ ಕಟ್ಟಿಸಿದ ಜನ ಅವರು.

ಅಲ್ಲಿ ಗಾಜಿನ ಹೂಜಿ ಎಡಗಡೆಗೆ ಕೈಯಿಂದ ಕೈಗೆ ಸಾಗುತ್ತದೆ. ಬಾಟಲಿಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಯಾವ ಕಂಪನಿಯ ವೈನ್, ಯಾವ ವರ್ಷದ್ದು ಎಂಬುದನ್ನು ಕುಡಿದವರೇ ಹೇಳಬೇಕು. ಹುಟ್ಟಿದಾಗಿನಿಂದ ಇದೇ ಕಸುಬಿನಲ್ಲಿ ಬೆಳೆದವರು ಕೂಡ ಇಲ್ಲಿ ತಡವರಿಸುತ್ತಾರೆ, ತಮ್ಮದೇ ಮನೆತನದ ವೈನನ್ನು ಇನ್ನೊಬ್ಬರದೆಂದು ಹೇಳಿಬಿಡುವುದೂ ಉಂಟು.

ಊಹೆಗೂ ಒಂದು ಕ್ರಮವಿದೆ. ಮೊದಲು ಕಣ್ಣು. ಗ್ಲಾಸನ್ನು ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡುತ್ತಾರೆ. ನೇರಳೆಹಣ್ಣಿನ ರಸದಂತೆ ಅಂಚಿನವರೆಗೂ ಗಾಢವಾಗಿದ್ದರೆ ಎಳೆಯದು. ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನಡುಭಾಗವೂ ತಿಳಿಯಾಗಿದ್ದರೆ ದಶಕಗಳು ಕಳೆದಿವೆ. ಆಮೇಲೆ ಮೂಗು, ಕೊನೆಗೆ ನಾಲಿಗೆ. ಎಳೆಯ ವೈನಿನ ಒಗರು ಒಸಡನ್ನು ಹಿಡಿದುಕೊಳ್ಳುತ್ತದೆ; ವಯಸ್ಸಾದಂತೆ ಅದು ಕರಗಿ ನಯವಾಗುತ್ತದೆ. ಹೀಗೆ ದಶಕ ಗೊತ್ತಾದ ಮೇಲೆ ವರ್ಷ ಹುಡುಕುವುದು ಸ್ವಲ್ಪ ಸುಲಭ. ‘ವಿಂಟೇಜ್’ ಎಂದು ಹೆಚ್ಚಿನ ಕಂಪನಿಗಳು ಒಟ್ಟಾಗಿ ಘೋಷಿಸುವ ವರ್ಷಗಳು ದಶಕಕ್ಕೆ ಮೂರರಷ್ಟು ಮಾತ್ರ: 1963, 1977, 1994, 2011ರಂಥವು. ಇನ್ನು ಉಳಿದದ್ದು ಮನೆತನ. ಗ್ರಹಾಮ್ಸ್‌ನದು ಸಿಹಿ ಮುಂದು, ಡೌಸ್‌ನದು ಸಿಹಿ ಹಿಂದು. ಇಂಥ ಗುರುತುಗಳನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ.

ತೀರ ಹಳೆಯ ಬಾಟಲಿ ತೆರೆಯುವುದೂ ಒಂದು ವಿದ್ಯೆ. ಐವತ್ತು ಅರವತ್ತು ವರ್ಷದ ಬಿರಡೆ ತಿರುಪು ಹಾಕಿದರೆ ಪುಡಿಯಾಗಿ ಒಳಗೆ ಬೀಳುತ್ತದೆ. ಅದಕ್ಕೆಂದೇ ಕಬ್ಬಿಣದ ಇಕ್ಕಳವಿದೆ. ಅದನ್ನು ಕೆಂಪಗೆ ಕಾಯಿಸಿ ಬಿರಡೆಗಿಂತ ಕೆಳಗೆ ಬಾಟಲಿಯ ಕುತ್ತಿಗೆಗೆ ಹಿಡಿಯುತ್ತಾರೆ, ತೆಗೆದ ಕೂಡಲೇ ತಣ್ಣೀರಿನ ಬಟ್ಟೆ ಒತ್ತುತ್ತಾರೆ. ಗಾಜು ಚಟ್ಟನೆ ಸುತ್ತಲೂ ಸಮನಾಗಿ ಬಿರಿದು, ಬಿರಡೆ ಕುತ್ತಿಗೆಯ ಸಮೇತ ಕೈಗೆ ಬರುತ್ತದೆ. ಬಳಿಕ ಕುತ್ತಿಗೆಯ ಹಿಂದೆ ದೀಪವಿಟ್ಟು, ತಳದ ಗಸಿ ಕಾಣಿಸುವವರೆಗೆ ಮಾತ್ರ ಹೂಜಿಗೆ ಬಗ್ಗಿಸುತ್ತಾರೆ.

ಪೋರ್ಟ್‌ನ ಚರಿತ್ರೆ ಉದ್ದವಾದದ್ದು. ಅದರಲ್ಲಿ ನೆನಪಿಡಬೇಕಾದ ವರ್ಷ 1756. ಕಲಬೆರಕೆಯಿಂದ ಹೆಸರು ಕೆಟ್ಟು ಬೆಲೆ ಬಿದ್ದಾಗ, ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎಂದು ಹೆಸರಾದ ಪ್ರಧಾನಮಂತ್ರಿ ಡೋರು ಕಣಿವೆಯ ದ್ರಾಕ್ಷಿ ಸೀಮೆಗೆ ಗಡಿ ಗುರುತಿಸಲು ಆಜ್ಞೆ ಮಾಡಿದರು. ಗಡಿಗೆ ಗ್ರಾನೈಟ್ ಕಲ್ಲುಗಳನ್ನು ನೆಟ್ಟರು. ಕಾಯಿದೆಯ ಬಲದಲ್ಲಿ ಗಡಿ ಗುರುತಿಸಿಕೊಂಡ ಜಗತ್ತಿನ ಅತಿ ಹಳೆಯ ವೈನ್ ಸೀಮೆಗಳಲ್ಲಿ ಇದೂ ಒಂದು. 2001ರಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಯಾರಿಕೆಯ ಗುಟ್ಟು ಚಿಕ್ಕದು. ಹಣ್ಣಿನ ರಸ ಹುದುಗುತ್ತಿರುವಾಗ, ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ, ಶೇ 77ರಷ್ಟು ಕಡುಪಿನ ದ್ರಾಕ್ಷಿ ಬ್ರಾಂದಿಯನ್ನು ಸುರಿದು ಹುದುಗನ್ನು ನಿಲ್ಲಿಸುತ್ತಾರೆ. ಸಿಹಿ ಉಳಿಯುತ್ತದೆ, ಮದ್ಯಸಾರ ಶೇ 20ರ ಆಸುಪಾಸಿಗೆ ಏರುತ್ತದೆ. ಒಳ್ಳೆಯ ಪೋರ್ಟ್‌ಗೆ ಕಲ್ಲಿನ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿಯುವ ಪದ್ಧತಿ ಕೆಲವು ತೋಟಗಳಲ್ಲಿ ಇನ್ನೂ ಇದೆ.

ಅಲ್ಲಿಂದ ಮುಂದೆ ಎರಡು ಬಗೆಯ ಮುಪ್ಪು. ವಿಂಟೇಜ್ ಪೋರ್ಟ್ ಎರಡು ಮೂರು ವರ್ಷಕ್ಕೆಲ್ಲ ಬಾಟಲಿ ಸೇರಿ, ಗಾಳಿಯ ಸುಳಿವಿಲ್ಲದೆ ಕತ್ತಲಲ್ಲಿ ಹಣ್ಣಾಗುತ್ತದೆ. ಟಾನಿ ಪೋರ್ಟ್ ಉಳಿಯುವುದು ಪೀಪಾಯಿಯಲ್ಲಿ. ಮರದ ಸಂದಿಯಿಂದ ಹಾಯುವ ಗಾಳಿ ಕೆಂಪನ್ನು ತಿಂದು ಕಂದು ಮಾಡುತ್ತದೆ. ಒಂದಿಷ್ಟು ಪ್ರತಿ ವರ್ಷ ಆವಿಯಾಗಿ ಹೋಗುತ್ತದೆ, ಉಳಿದದ್ದು ಸಾಂದ್ರವಾಗುತ್ತದೆ. ಹತ್ತು ವರ್ಷದ ಟಾನಿಯಲ್ಲಿ ಇನ್ನೂ ಹಣ್ಣಿದೆ. ಇಪ್ಪತ್ತಕ್ಕೆ ಅಕ್ರೋಟ, ಒಣ ಅಂಜೂರ. ನಲವತ್ತಕ್ಕೆ ಕಿತ್ತಳೆ ಸಿಪ್ಪೆಯ ಕಹಿ, ಎಳೆಪಾಕಕ್ಕೆ ಬಂದ ಬೆಲ್ಲದ ಘಮ. ಬಣ್ಣದಂಚಿನಲ್ಲಿ ಹಸಿರಿನ ಛಾಯೆ.

ಫ್ಯಾಕ್ಟರಿ ಹೌಸಿನಲ್ಲಿ ಆಟವಾಗಿರುವುದೇ ನಗರದ ಇನ್ನೊಂದು ಕಡೆ ಕಾನೂನು. ಡೋರು ಮತ್ತು ಪೋರ್ಟೊ ವೈನ್‌ಗಳ ಸರ್ಕಾರಿ ಸಂಸ್ಥೆಯಲ್ಲಿ ರುಚಿ ನೋಡುವವರದೇ ಒಂದು ಮಂಡಳಿಯಿದೆ. ಮಾರಾಟಕ್ಕೆ ಹೋಗುವ ಪೋರ್ಟ್ ಅವರ ಮುಂದೆ ಹಾದು ಬರಬೇಕು. ತಯಾರಕರ ಹೆಸರು ಮರೆಯಾಗಿರುತ್ತದೆ. ಗ್ಲಾಸಿನಲ್ಲಿರುವುದಕ್ಕಷ್ಟೇ ತೀರ್ಪು. ಪಾಸಾದ ವೈನಿನ ಬಾಟಲಿಗೆ ಮಾತ್ರ ಖಾತರಿಯ ಪಟ್ಟಿ ಸಿಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಲೇಬಲ್ಲಿನ ಮೇಲೆ ‘ಮೂವತ್ತು ವರ್ಷ’ ಎಂದಿದ್ದರೆ ಅದು ಒಂದೇ ವರ್ಷದ ವೈನಿನ ವಯಸ್ಸಲ್ಲ. ಅದು ಹಲವು ವಯಸ್ಸಿನ ಪೀಪಾಯಿಗಳ ಮಿಶ್ರಣ. ದಾಖಲೆಗಳು ಏನೇ ಹೇಳಲಿ, ಮೂವತ್ತು ವರ್ಷದ ಟಾನಿಯ ಲಕ್ಷಣ ಅದರಲ್ಲಿದೆ ಎಂದು ಮಂಡಳಿಯ ನಾಲಿಗೆಗಳು ಒಪ್ಪಬೇಕು. ಕಾಗದ, ಪ್ರಯೋಗಾಲಯ, ಅಳತೆ ಎಲ್ಲವೂ ಇರುವ ಕಾಲದಲ್ಲಿ ಒಂದು ದೇಶದ ಕಾಯಿದೆ ಮನುಷ್ಯನ ನಾಲಿಗೆಯ ಸ್ಮರಣೆಗೆ ಇಷ್ಟು ಬೆಲೆ ಕೊಟ್ಟಿರುವುದು ದೊಡ್ಡ ಮಾತು.

ನದಿಯಾಚೆ ವಿಲಾ ನೋವಾ ಡಿ ಗೈಯಾದ ತಂಪು ಗೋದಾಮುಗಳಲ್ಲಿ ಆ ಸ್ಮರಣೆ ದಾಟಿಬರುವುದು ಜೊತೆಗೆ ನಿಂತು ಕಲಿತವರ ಮೂಲಕ. ಫೊನ್ಸೆಕಾ ಎಂಬ ಪೋರ್ಟ್ ಕಂಪನಿಯಲ್ಲಿ ವೈನ್ ತಯಾರಕರಾದ ಡೇವಿಡ್ ಗಿಮರೈನ್ಸ್ ಅವರ ತಂದೆ ಬ್ರೂಸ್ ಅವರೂ ಅಲ್ಲಿ ಅದೇ ಕೆಲಸದಲ್ಲಿದ್ದವರು. ತೀರ ಹಳೆಯ ಟಾನಿಯನ್ನು ಹಿಂದಿನವರು ತುಂಬಿಟ್ಟ ಪೀಪಾಯಿಯಿಂದ ಇಂದಿನವರು ಮಿಶ್ರಣ ಮಾಡುತ್ತಾರೆ; ಇಂದಿನವರು ತುಂಬಿಟ್ಟದ್ದನ್ನು ಅವರೇ ಮಿಶ್ರಣ ಮಾಡುವುದು ಅಪರೂಪ. ದಿನಕ್ಕೆ ಹತ್ತಾರು ಮಾದರಿ ಬಾಯಿಗಿಟ್ಟು, ಗಾಳಿ ಎಳೆದುಕೊಂಡು, ಉಗುಳಿ, ಗುರುತು ಬರೆದುಕೊಳ್ಳುವ ಕೆಲಸ ಇದು. ನುಂಗಿದರೆ ತೀರ್ಪು ಕೆಡುತ್ತದೆ.

ಕನ್ನಡಿಗರಿಗೆ ‘ಪೋರ್ಟ್ ವೈನ್’ ಎಂಬ ಹೆಸರು ಹೊಸದಲ್ಲ. ಗೋವಾ ಪ್ರವಾಸದಿಂದ ಬರುವ ಬ್ಯಾಗಿನಲ್ಲಿ ಅಗ್ಗದ ಸಿಹಿ ಬಾಟಲಿಯೊಂದು ಇದ್ದೇ ಇರುತ್ತಿತ್ತು. ಅಂಥ ಸಿಹಿ ವೈನ್‌ಗಳಿಗೆ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯೂ ಹೋಗುತ್ತದೆ. ಅದಕ್ಕೂ ಡೋರು ಕಣಿವೆಯ ಪೋರ್ಟ್‌ಗೂ ಹೆಸರಿನ ನಂಟು ಬಿಟ್ಟರೆ ಹೆಚ್ಚೇನಿಲ್ಲ. ಅಸಲಿ ಟಾನಿಯನ್ನು ಒಮ್ಮೆ ಮೂಸಿದವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾರರು.

ಈಗ ಕಣಿವೆಯಲ್ಲಿ ಕಷ್ಟದ ದಿನಗಳು. ಊಟದ ಕೊನೆಗೆ ಸಿಹಿ, ಕಡು ವೈನ್ ಕುಡಿಯುವ ಅಭ್ಯಾಸ ಯುರೋಪಿನಲ್ಲಿ ಕಡಿಮೆಯಾಗುತ್ತಿದೆ. ಆಯಾ ವರ್ಷ ಎಷ್ಟು ರಸವನ್ನು ಪೋರ್ಟ್ ಮಾಡಬಹುದು ಎಂಬುದನ್ನು ಸುಗ್ಗಿಗೆ ಮೊದಲೇ ನಿಗದಿ ಮಾಡುತ್ತಾರೆ. 2023ರಲ್ಲಿ ಅದು 1,04,000 ಪೀಪಾಯಿಯಷ್ಟಿತ್ತು, 2024ರಲ್ಲಿ 90,000ಕ್ಕೆ ಇಳಿಯಿತು. ಒಂದು ಪೀಪಾಯಿಗೆ 550 ಲೀಟರ್ ಲೆಕ್ಕ. ಪೋರ್ಟ್‌ಗೆ ಹೋಗುವ ಹಣ್ಣಿಗೆ ಬೆಲೆ ಹೆಚ್ಚು, ಸಾದಾ ವೈನ್‌ಗೆ ಹೋಗುವುದಕ್ಕೆ ಬಹಳ ಕಡಿಮೆ. ಕಲ್ಲುಗೋಡೆಯ ಮೆಟ್ಟಿಲು ತೋಟಗಳಲ್ಲಿ ಯಂತ್ರ ಹೋಗದು, ಕೈಯಿಂದಲೇ ಕೊಯ್ಯಬೇಕು. ಕೋಟಾ ಇಳಿದಷ್ಟೂ ಸಣ್ಣ ಹಿಡುವಳಿದಾರರ ಲೆಕ್ಕಾಚಾರ ತಪ್ಪುತ್ತದೆ. ಬೆಟ್ಟದ ಮನೆಗಳ ಮಕ್ಕಳು ಪಟ್ಟಣಕ್ಕೆ ಇಳಿಯುತ್ತಿದ್ದಾರೆ.

ವಿಚಿತ್ರವೆಂದರೆ, ಇದೇ ಹೊತ್ತಿನಲ್ಲಿ ತೀರ ಹಳೆಯ ಪೋರ್ಟ್‌ಗೆ ಬೇಡಿಕೆಯಿದೆ. ಹತ್ತರಿಂದ ನಲವತ್ತರವರೆಗಿದ್ದ ಟಾನಿಯ ಮೆಟ್ಟಿಲುಗಳಿಗೆ ಇತ್ತೀಚೆಗೆ ಐವತ್ತು ವರ್ಷದ್ದೂ ಎಂಬತ್ತು ದಾಟಿದ್ದೂ ಸೇರಿವೆ. ಆ ಎಂಬತ್ತರ ವೈನಿಗೆ ಹಣ್ಣು ತುಳಿದವರು ಬಹುಪಾಲು ಈಗಿಲ್ಲ. ಅವರು ಬೆಳೆದುಕೊಟ್ಟದ್ದರಿಂದ ಇಂದಿನ ಗೋದಾಮುಗಳು ತುಂಬಿವೆ. 2024ರಲ್ಲಿ ಕೊಯ್ದ ಹಣ್ಣು ನಲವತ್ತರ ಟಾನಿಯಾಗಲು 2064 ಬರಬೇಕು. ಈ ವರ್ಷಗಳಲ್ಲಿ ತುಂಬದೆ ಬಿಟ್ಟ ಪೀಪಾಯಿಗಳ ಕೊರತೆ ತಿಳಿಯುವುದು ಆಗ. ಇಂದು ಮಂಡಳಿಯಲ್ಲಿ ರುಚಿ ನೋಡುತ್ತಿರುವ ಹೆಚ್ಚಿನವರು ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ.