ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಅಸಹಜ ಗುಂಯ್ ಶಬ್ದ: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ಗಮನಿಸಬೇಕಾದ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರನ್ವಯ ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗಿರುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಭಾಗಗಳಲ್ಲಿ ಬಳಕೆಯಲ್ಲಿರುವ ಹಳೆಯ ಜಿಪ್ಸಿ, ಬೊಲೆರೊ, ಸ್ಕಾರ್ಪಿಯೋ, ಸಫಾರಿ ಮುಂತಾದ ವಾಹನಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಇಂತಹ ವಾಹನಗಳ ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ ಓಡಾಟದ ವೇಳೆ ನಿರಂತರ ಗುಂಯ್ ಶಬ್ದ ಕೇಳಿಬರುವುದುಂಟು. ಕಾರಣ ತಿಳಿಯದೆ ಗೇರ್‌ಬಾಕ್ಸ್ ಬಿಚ್ಚಿಸಿದಲ್ಲಿ ಹಣ ವ್ಯರ್ಥವಾಗಬಹುದು. ಶಬ್ದವನ್ನು ಕಡೆಗಣಿಸಿದಲ್ಲಿ ಚಕ್ರದ ಬೇರಿಂಗ್ ವೇಗದಲ್ಲಿರುವಾಗಲೇ ಬಿಗಿದುಕೊಂಡು ಅಪಘಾತ ಸಂಭವಿಸಬಹುದು. ಆದ್ದರಿಂದ ಶಬ್ದದ ಮೂಲವನ್ನು ಪತ್ತೆಹಚ್ಚುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಶಬ್ದದ ಮೂಲ ಪತ್ತೆ ಏಕೆ ಕಷ್ಟ?

ಸಾಮಾನ್ಯ ಕಾರಿನಲ್ಲಿ ಒಂದೇ ಡಿಫರೆನ್ಷಿಯಲ್ ಇರುತ್ತದೆ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಮುಂದೆ ಒಂದು, ಹಿಂದೆ ಒಂದು ಡಿಫರೆನ್ಷಿಯಲ್ ಇದ್ದು, ಎಂಜಿನ್ನಿನ ಶಕ್ತಿಯನ್ನು ಎರಡೂ ಕಡೆಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಗೂ ಪ್ರೊಪೆಲ್ಲರ್ ಶಾಫ್ಟ್‌ಗಳು ಇರುತ್ತವೆ. ಶಬ್ದವು ಚಾಸಿಯ ಮೂಲಕ ಹರಿಯುವುದರಿಂದ ಹಿಂದಿನ ಆಕ್ಸಲ್‌ನ ದೋಷ ಚಾಲಕನ ಕಾಲಡಿಯಲ್ಲಿ ಕೇಳಿಸಬಹುದು. ಆದಕಾರಣ ಶಬ್ದ ಎಲ್ಲಿ ಕೇಳಿಸುತ್ತದೆ ಎಂಬುದಕ್ಕಿಂತ, ಯಾವಾಗ ಬದಲಾಗುತ್ತದೆ ಎಂಬುದನ್ನು ಗಮನಿಸುವುದು ಮುಖ್ಯ.

2. ಪ್ರಾಥಮಿಕ ಪರೀಕ್ಷೆಗಳು

ಅ) ನಿಂತ ವಾಹನದಲ್ಲಿ: ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ ಎಂಜಿನ್ ವೇಗ ಹೆಚ್ಚಿಸಿದಾಗಲೂ ಶಬ್ದ ಏರಿದಲ್ಲಿ ಆಲ್ಟರ್ನೇಟರ್, ಬೆಲ್ಟ್ ಅಥವಾ ಪವರ್ ಸ್ಟೀರಿಂಗ್ ಪಂಪ್ ಪರಿಶೀಲಿಸತಕ್ಕದ್ದು. ಕ್ಲಚ್ ತುಳಿದಾಗ ಶಬ್ದ ನಿಂತಲ್ಲಿ ಗೇರ್‌ಬಾಕ್ಸ್‌ನ ಬೇರಿಂಗ್, ತುಳಿದಾಗ ಮಾತ್ರ ಬಂದಲ್ಲಿ ಕ್ಲಚ್ ರಿಲೀಸ್ ಬೇರಿಂಗ್ ಕಾರಣವಾಗಿರುವ ಸಂಭವವಿದೆ.

ಆ) ರಸ್ತೆ ಬದಲಾದಾಗ: ಡಾಂಬರು ರಸ್ತೆಯಿಂದ ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗೆ ಬಂದೊಡನೆ ಶಬ್ದದ ಸ್ವರೂಪ ಬದಲಾದಲ್ಲಿ ಅದು ಬಹುತೇಕ ಟೈರಿನದು. ಗೇರ್ ಹಲ್ಲುಗಳ ಶಬ್ದ ರಸ್ತೆಯ ಮೇಲ್ಮೈಯನ್ನು ಅವಲಂಬಿಸುವುದಿಲ್ಲ.

ಇ) ಆಕ್ಸಿಲರೇಟರ್ ಒತ್ತಿ ಬಿಟ್ಟಾಗ: ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ಶಬ್ದ ಹೆಚ್ಚಿದಲ್ಲಿ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಬಗ್ಗೆ ಸಂಶಯಪಡಬಹುದು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಜೋಡಿಯಾಗಿಯೇ ಬದಲಾಯಿಸತಕ್ಕದ್ದು.

ಈ) ತಿರುವಿನಲ್ಲಿ: ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಿದಲ್ಲಿ ಸಾಮಾನ್ಯವಾಗಿ ಬಲ ಚಕ್ರದ ಬೇರಿಂಗ್, ಬಲಕ್ಕೆ ತಿರುಗಿದಾಗ ಹೆಚ್ಚಿದಲ್ಲಿ ಎಡ ಚಕ್ರದ ಬೇರಿಂಗ್ ಸವೆದಿರುತ್ತದೆ.

ರಸ್ತೆಯ ಮೇಲಿನ ಪರೀಕ್ಷೆಗಳನ್ನು ಸಂಚಾರ ವಿರಳವಾಗಿರುವ ವೇಳೆ, ವೇಗಮಿತಿಯೊಳಗೆ, ಶಬ್ದವನ್ನು ಗಮನಿಸಲು ಜೊತೆಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಮಾಡುವುದು ಸೂಕ್ತ.

3. ನಾಲ್ಕು ಚಕ್ರ ಚಾಲನೆಗೆ ಸಂಬಂಧಿಸಿದ ಪರೀಕ್ಷೆ

ಹಳೆಯ ಜಿಪ್ಸಿಯಂತಹ ವಾಹನಗಳ ಮುಂಚಕ್ರಗಳಲ್ಲಿ ಕೈಯಿಂದ ಬಿಗಿಯುವ ಫ್ರೀ ವೀಲ್ ಹಬ್ ಇರುತ್ತದೆ. ಹಬ್ ಬಿಡಿಸಿ, ಎರಡು ಚಕ್ರ ಚಾಲನೆಯಲ್ಲಿ ಓಡಿಸಿದಾಗ ಮುಂದಿನ ಡಿಫರೆನ್ಷಿಯಲ್ ತಿರುಗುವುದಿಲ್ಲ. ಲಿವರನ್ನು ಹಾಗೆಯೇ ಬಿಟ್ಟು, ಎರಡೂ ಹಬ್‌ಗಳನ್ನು ಬಿಗಿದು ಓಡಿಸಿದಾಗ ಮಾತ್ರ ಶಬ್ದ ಬಂದಲ್ಲಿ ದೋಷವು ಮುಂದಿನ ಆಕ್ಸಲ್ ಅಥವಾ ಮುಂದಿನ ಶಾಫ್ಟ್‌ನಲ್ಲಿದೆ ಎಂದು ತಿಳಿಯಬಹುದು. ಈ ಪರೀಕ್ಷೆಗೆ ಯಾವುದೇ ಭಾಗವನ್ನು ಬಿಚ್ಚುವ ಅಗತ್ಯವಿಲ್ಲ.

ಮಧ್ಯದ ಡಿಫರೆನ್ಷಿಯಲ್ ಇಲ್ಲದ ವಾಹನಗಳನ್ನು ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಬೇರೆಯಾಗಿದ್ದು, ಅದರ ಒತ್ತಡ ಟ್ರಾನ್ಸ್‌ಫರ್ ಕೇಸ್ ಹಾಗೂ ಟೈರುಗಳ ಮೇಲೆ ಬೀಳುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದು ಹೆಚ್ಚುಕಡಿಮೆ ಸಮನಾಗಿ ಸವೆದಿರುವುದು ಅವಶ್ಯ. ಕಡಿಮೆ ವೇಗದ ‘ಲೋ’ ಗೇರಿನಲ್ಲಿ ಸ್ವಲ್ಪ ಗುಂಯ್ ಶಬ್ದ ಬರುವುದು ಸಹಜವಾಗಿದ್ದು, ಅದನ್ನು ದೋಷವೆಂದು ಭಾವಿಸಬೇಕಿಲ್ಲ.

4. ಮಳೆನೀರಿನಲ್ಲಿ ಸಂಚರಿಸಿದ ವಾಹನಗಳು

2022ರ ಸೆಪ್ಟೆಂಬರ್ ಮೊದಲ ವಾರದ ಭಾರೀ ಮಳೆಯಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಭಾಗಗಳು ಜಲಾವೃತಗೊಂಡು, ನಿವಾಸಿಗಳು ಟ್ರ್ಯಾಕ್ಟರುಗಳಲ್ಲಿ ಸಂಚರಿಸಬೇಕಾಯಿತು. ಎತ್ತರದ ವಾಹನವೆಂಬ ಧೈರ್ಯದಿಂದ ಇಂತಹ ನೀರಿನಲ್ಲಿ ಸಾಗಿದಾಗ, ಬಿಸಿಯಾಗಿದ್ದ ಆಕ್ಸಲ್ ತಟ್ಟನೆ ತಣಿದು ಒಳಗಿನ ಗಾಳಿ ಕುಗ್ಗುತ್ತದೆ. ಆಗ ಬ್ರೀದರ್ ಅಥವಾ ಸವೆದ ಆಯಿಲ್ ಸೀಲ್ ಮೂಲಕ ನೀರು ಒಳಸೇರಬಹುದು. ವಾಹನ ಅಂದು ಸರಿಯಾಗಿಯೇ ಓಡುತ್ತದೆ; ಬೇರಿಂಗ್‌ಗೆ ತುಕ್ಕು ಹಿಡಿದು ಶಬ್ದ ಕೇಳಿಬರುವುದು ಕೆಲವು ವಾರ ಅಥವಾ ತಿಂಗಳುಗಳ ನಂತರ.

ಆದ್ದರಿಂದ ಚಕ್ರದ ಹಬ್‌ವರೆಗೆ ನೀರಿನಲ್ಲಿ ಸಂಚರಿಸಿದ ವಾಹನದ ಎರಡೂ ಡಿಫರೆನ್ಷಿಯಲ್ ಹಾಗೂ ಟ್ರಾನ್ಸ್‌ಫರ್ ಕೇಸ್‌ನ ಆಯಿಲನ್ನು ಕೂಡಲೇ ಪರೀಕ್ಷಿಸತಕ್ಕದ್ದು. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದಲ್ಲಿ ನೀರು ಸೇರಿದೆಯೆಂದು ತಿಳಿಯಬೇಕು. ಆಯಿಲಿನಲ್ಲಿ ಲೋಹದ ಚೂರುಗಳು ಕಂಡುಬಂದಲ್ಲಿ ವಾಹನವನ್ನು ಓಡಿಸದೆ ದುರಸ್ತಿಪಡಿಸಬೇಕು. ಬದಲಿ ಆಯಿಲ್ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯದ್ದೇ ಆಗಿರಬೇಕು.

5. ಅರ್ಜಿ ಸಲ್ಲಿಸುವ ಮುನ್ನ

• ನಮೂನೆ 25ರಲ್ಲಿ ನವೀಕರಣದ ಅರ್ಜಿಯನ್ನು ನೋಂದಣಿ ಅವಧಿ ಮುಗಿಯುವುದಕ್ಕೆ 60 ದಿನಗಳ ಮೊದಲಿನಿಂದ ಸಲ್ಲಿಸಬಹುದಾಗಿದೆ. ಶಬ್ದದ ಪರೀಕ್ಷೆಯನ್ನು ಅದಕ್ಕೂ ಮುಂಚಿತವಾಗಿ ಮಾಡಿಸಿದಲ್ಲಿ ದುರಸ್ತಿಗೆ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ.
• ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು.
• ನೋಂದಣಿ ಪ್ರಮಾಣಪತ್ರದಲ್ಲಿನ ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿರ್ಬಂಧಿಸುತ್ತದೆ.
• ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆತ್ತಿ, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಪರೀಕ್ಷಿಸಬಾರದು. ನೆಲದ ಮೇಲಿರುವ ಚಕ್ರಗಳಿಗೂ ಶಕ್ತಿ ಹರಿದು ವಾಹನ ಜಾಕ್‌ನಿಂದ ಜಾರುವ ಅಪಾಯವಿರುತ್ತದೆ.

ಮೆಕ್ಯಾನಿಕ್ ಬಳಿ ತೆರಳುವಾಗ ಶಬ್ದವು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಯಾವ ತಿರುವಿನಲ್ಲಿ ಬರುತ್ತದೆ ಹಾಗೂ ವಾಹನವು ನೀರಿನಲ್ಲಿ ಸಂಚರಿಸಿತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಂಡೊಯ್ಯುವುದು ಉಪಯುಕ್ತ. ಇದರಿಂದ ಅನಗತ್ಯ ಬಿಡಿಭಾಗಗಳ ವೆಚ್ಚ ತಪ್ಪುತ್ತದೆ. ಅರ್ಜಿ, ಶುಲ್ಕ ಹಾಗೂ ತಪಾಸಣೆಯ ವಿವರಗಳಿಗಾಗಿ ಅರ್ಜಿದಾರರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.