ಹಿನ್ನೀರಿಗಿಳಿದ ಕಡಲ ದೋಣಿ

ಹದಿನೇಳು ಅಡಿ ಉದ್ದ, ಅಗಲ ಎರಡಡಿಯೂ ಇಲ್ಲ. ಗೆಳೆಯರು ಜೀಪಿನ ನೆತ್ತಿಗೆ ಕಟ್ಟಿ ತಂದ ಸೀ ಕಯಾಕನ್ನು ಹೊನ್ನೆಮರಡುವಿನ ದಡದಲ್ಲಿ ಇಳಿಸಿದಾಗ, ಶರಾವತಿ ಹಿನ್ನೀರಿಗೆ ಕಡಲ ದೋಣಿ ಯಾಕೆ ಎಂದು ಕೇಳಿದೆ. ‘ಮಧ್ಯಾಹ್ನ ಆಗ್ಲಿ, ನಿಮಗೇ ಗೊತ್ತಾಗ್ತದೆ’ ಅಂದರು.

ಬೆಳಿಗ್ಗೆ ನೀರು ಎಣ್ಣೆ ಹೊಯ್ದ ಹಾಗಿತ್ತು. ಹುಟ್ಟಿನ ತುದಿಯಿಂದ ಹನಿ ಬೀಳುವುದೊಂದೇ ಸದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಮುಳುಗಿದ ಕಾಡಿನ ಮೋಟುಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಯಾರದೋ ಗದ್ದೆಯಾಗಿದ್ದ ನೆಲದ ಮೇಲೆ ತೇಲುತ್ತಿದ್ದೇನೆ ಅನ್ನಿಸಿದ್ದೇ ಕೈ ನಿಧಾನವಾಯಿತು.

ಹನ್ನೆರಡರ ಹೊತ್ತಿಗೆ ಗಾಳಿ ಎದ್ದಿತು. ಎಷ್ಟು ಹುಟ್ಟು ಹಾಕಿದರೂ ದೋಣಿಯ ಮೂತಿ ಗಾಳಿಯತ್ತಲೇ ತಿರುಗುತ್ತದೆ! ಮುಂದೆ ಸಾಗುವಾಗ ಮೂತಿಯನ್ನು ನೀರು ಬಿಗಿಯಾಗಿ ಹಿಡಿದಿರುತ್ತದೆ. ಬಾಲಕ್ಕೆ ಆ ಹಿಡಿತವಿಲ್ಲ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ‘ಸ್ಕೆಗ್ ಇಳಿಸ್ರೀ!’ ಎಂದು ಗೆಳೆಯರು ಕೂಗಿದರು. ಬಾಲದಡಿಯಿಂದ ಮೀನಿನ ರೆಕ್ಕೆಯಂಥ ಪುಟ್ಟ ಹಲಗೆ ನೀರಿಗಿಳಿಯಿತು. ದೋಣಿ ಗೆರೆ ಎಳೆದಂತೆ ನೇರ ಹೊರಟಿತು.

ಇನ್ಯುಯಿಟ್ ಬೇಟೆಗಾರರು ಸೀಲ್ ಚರ್ಮ ಹೊದಿಸಿ ಕಟ್ಟುತ್ತಿದ್ದ ದೋಣಿಯಿದು. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ‘ರಾಬ್ ರಾಯ್’ ಎಂಬ ಕಿರುದೋಣಿಯಲ್ಲಿ ಯುರೋಪಿನ ನದಿ, ಸರೋವರಗಳನ್ನು ಸುತ್ತಿದ ಮೇಲೆ ಇದು ಹವ್ಯಾಸವಾಗಿ ಹಬ್ಬಿತು. ನನ್ನ ಮನಸ್ಸು ಮಾತ್ರ ಆಸ್ಕರ್ ಸ್ಪೆಕ್‌ನನ್ನು ಬಿಟ್ಟು ಕದಲುವುದಿಲ್ಲ. ಕೆಲಸವಿಲ್ಲದ ಈ ಜರ್ಮನ್, 1932ರಲ್ಲಿ ಉಲ್ಮ್ ಪಟ್ಟಣದ ಬಳಿ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿದ. ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದಷ್ಟೇ ಉದ್ದೇಶ. ಅಲ್ಲಿ ನಿಲ್ಲದೆ ಯೂಫ್ರೆಟಿಸ್ ಇಳಿದು, ಪರ್ಷಿಯನ್ ಕೊಲ್ಲಿ ಹಾದು, ಭಾರತದ ಪಶ್ಚಿಮ ಕರಾವಳಿಗುಂಟ ಸಿಲೋನಿನವರೆಗೆ ಬಂದ. ಅಂದರೆ ಶರಾವತಿ ಕಡಲು ಸೇರುವ ನಮ್ಮ ಹೊನ್ನಾವರದ ಮುಂದೆಯೂ ಹುಟ್ಟು ಹಾಕುತ್ತ ಸಾಗಿದ್ದಾನೆ! ಅವನನ್ನು ಕಂಡ ಮೀನುಗಾರರು ಏನೆಂದುಕೊಂಡರೋ ಎಂದು ಈಗಲೂ ಯೋಚಿಸುತ್ತೇನೆ. 1939ರಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟುವಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಹಿಡಿದು ಯುದ್ಧ ಮುಗಿಯುವವರೆಗೆ ಶಿಬಿರದಲ್ಲಿಟ್ಟರು. ಏಳು ವರ್ಷದ ಆ ಪಯಣ ಮೊದಲಾದದ್ದು ಒಳನಾಡಿನ ಹೊಳೆಯಲ್ಲಿ.

ಸಣ್ಣ ಕೆರೆಗೆ ಅಗಲದ, ಗಿಡ್ಡ ಕಯಾಕ್ ಸಾಕು. ದಡ ದೂರವಾದಲ್ಲಿ, ಗಾಳಿಗೆ ತಡೆಯಿಲ್ಲದಲ್ಲಿ ಸೀ ಕಯಾಕೇ ಸರಿ: ಒಳಗೆ ನೀರು ನುಗ್ಗದ ಗೂಡುಗಳಿರುವುದರಿಂದ ಮಗುಚಿದರೂ ಮುಳುಗದು. ಹೋಗುವುದಾದರೆ ಬೆಳಕು ಹರಿಯುತ್ತಲೇ ನೀರಿಗಿಳಿಯಿರಿ, ಗೊತ್ತಿದ್ದವರ ಜೊತೆಯಲ್ಲೇ ಹೋಗಿ. ಲೈಫ್ ಜಾಕೆಟ್ ಬಿಚ್ಚಬೇಡಿ. ನೀರಿನಿಂದ ಒಂದು ಗೇಣು ಕೆಳಗಿರುವ ಮೋಟು ಕಣ್ಣಿಗೆ ಬೀಳುವುದಿಲ್ಲ.