ಯಾವ ವಿಮಾನ ಕಟ್ಟೋಣ? – ವಿಜ್ಞಾನ ಸಂಘದಲ್ಲಿ ಒಂದು ಆಯ್ಕೆಯ ಪಾಠ

ವಿಜ್ಞಾನ ಸಂಘದಲ್ಲಿ ರೇಡಿಯೊ ನಿಯಂತ್ರಿತ ವಿಮಾನ ಕಟ್ಟೋಣ ಎಂದರೆ ಮಕ್ಕಳ ಬಾಯಲ್ಲಿ ಮೊದಲು ಬರುವುದು ಯುದ್ಧವಿಮಾನದ ಹೆಸರು. ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ನಾನು ಕೈಗೊಂಡ ಚಟುವಟಿಕೆಯಲ್ಲೂ ಹೀಗೇ ಆಯಿತು. ಕಟ್ಟುವ ವಿಧಾನವನ್ನು ಇಲ್ಲಿ ವಿವರಿಸುವುದಿಲ್ಲ. ಕಟ್ಟುವ ಮೊದಲು ಯಾವುದನ್ನು ಕಟ್ಟಬೇಕೆಂದು ತೀರ್ಮಾನಿಸುವ ಹಂತವಿದೆಯಲ್ಲ, ಪಾಠವಾಗಿ ಅದೇ ಹೆಚ್ಚು ಫಲ ಕೊಟ್ಟಿತು; ಈ ಲೇಖನ ಅದರ ಬಗ್ಗೆ.

ನಮ್ಮ ಬಳಿ ಇದ್ದದ್ದು ಇಷ್ಟು: ಪದವಿಯಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್ ಆಗಿದ್ದಾಗ ನಾನು ಕೂಡಿಸಿಟ್ಟುಕೊಂಡಿದ್ದ ಒಂದು ಮೋಟರ್, ನಾಲ್ಕು ಸರ್ವೋ, ಒಂದು ಬ್ಯಾಟರಿ, ಒಂದು ಟ್ರಾನ್ಸ್‌ಮಿಟರ್. ಫೋಮ್ ಬೋರ್ಡ್ ಮತ್ತು ಅಂಟಿಗೆ ಶಾಲೆ ಹಣ ಕೊಟ್ಟಿತ್ತು. ಎರಡನೇ ಸೆಟ್ ಇರಲಿಲ್ಲ. ಮೊದಲ ಹಾರಾಟದಲ್ಲೇ ನೆಲಕ್ಕೆ ಬಡಿದರೆ ವರ್ಷದ ಚಟುವಟಿಕೆ ಅಲ್ಲಿಗೇ ಮುಗಿಯುತ್ತದೆ. 'ಇದೆಲ್ಲ ನಮ್ಮಂಥವರಿಗಲ್ಲ' ಎಂಬ ಮಾತು ಮಕ್ಕಳ ಮನಸ್ಸಿನಲ್ಲಿ ಕೂತುಬಿಟ್ಟರೆ ಅದನ್ನು ತೆಗೆಯುವುದು ಮೋಟರ್ ಕೊಳ್ಳುವಷ್ಟು ಸುಲಭವಲ್ಲ.

ಹೆಚ್ಚಿನವರ ಆಯ್ಕೆ ಸ್ಪಿಟ್‌ಫೈರ್. 1936ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಈ ವಿಮಾನವನ್ನು ಮಕ್ಕಳು ಮೊಬೈಲ್ ಆಟಗಳಲ್ಲಿ ನೋಡಿದ್ದರು. ಅದರ ದೀರ್ಘವೃತ್ತಾಕಾರದ ರೆಕ್ಕೆಗೆ ಯಾರಾದರೂ ಮರುಳಾಗುತ್ತಾರೆ, ನಾನೂ ಸೇರಿ. ಅದು ಬೇಡ ಎಂದು ನಾನೇ ಹೇಳಿಬಿಡಬಹುದಿತ್ತು. ಹಾಗೆ ಹೇಳಿದ್ದರೆ ಮಕ್ಕಳು ಒಪ್ಪುತ್ತಿದ್ದರು, ಆದರೆ ಏನನ್ನೂ ಕಲಿಯುತ್ತಿರಲಿಲ್ಲ. ಅದರ ಬದಲು ಅಳತೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ರೆಕ್ಕೆಯ ತುದಿಯಿಂದ ತುದಿಗೆ 11.2 ಮೀಟರ್, ರೆಕ್ಕೆಯ ವಿಸ್ತೀರ್ಣ 22.5 ಚದರ ಮೀಟರ್, ತೂಕ ಸುಮಾರು 2,700 ಕೆ.ಜಿ. ಹತ್ತನೇ ಒಂದು ಅಳತೆಗೆ ಇಳಿಸಿದರೆ ಏನಾಗುತ್ತದೆ?

ಉದ್ದ ಹತ್ತರಲ್ಲಿ ಒಂದು ಭಾಗವಾಗುತ್ತದೆ, ವಿಸ್ತೀರ್ಣ ನೂರರಲ್ಲಿ ಒಂದು, ಘನಫಲ ಸಾವಿರದಲ್ಲಿ ಒಂದು. ಗಣಿತದ 'ಮೇಲ್ಮೈ ವಿಸ್ತೀರ್ಣ ಮತ್ತು ಘನಫಲಗಳು' ಅಧ್ಯಾಯದಲ್ಲಿ ಮಕ್ಕಳು ಸೂತ್ರ ಹಾಕಿ ಬಿಡಿಸುವ ಲೆಕ್ಕ ಇಲ್ಲಿ ಒಂದು ವಸ್ತುವಾಗಿ ಎದುರಿಗೆ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣೆ ಮಾಡುತ್ತಿದ್ದ ಮಾರ್ಗದರ್ಶಕರು ಮೊದಲ ದಿನ ಕೇಳಿದ್ದ 'ಇದರಲ್ಲಿ ಪಠ್ಯ ಎಲ್ಲಿದೆ?' ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ.

ಅದೇ ಪ್ರಮಾಣದಲ್ಲಿ ಇಳಿಸಿದರೆ ಮಾದರಿಯ ತೂಕ 2.7 ಕೆ.ಜಿ., ರೆಕ್ಕೆ 0.225 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರ್ ರೆಕ್ಕೆ 12 ಕೆ.ಜಿ. ಹೊರಬೇಕು. ಇದನ್ನು ರೆಕ್ಕೆಯ ಹೊರೆ ಎನ್ನೋಣ. ಹೊರೆ ಹೆಚ್ಚಿದಷ್ಟೂ ವಿಮಾನ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಹೆಚ್ಚು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆ.ಜಿ., ಮೇಲೆತ್ತುವ ಬಲದ ಗುಣಾಂಕ 1 ಎಂದು ಹಿಡಿದರೆ ಈ ಮಾದರಿಗೆ ಸೆಕೆಂಡಿಗೆ ಸುಮಾರು 14.6 ಮೀಟರ್ ಬೇಕು. ಫೋಮ್ ಬೋರ್ಡಿನಲ್ಲಿ 900 ಗ್ರಾಂಗೆ ಕಟ್ಟಿದರೆ ಹೊರೆ 4 ಕೆ.ಜಿ.ಗೆ ಇಳಿಯುತ್ತದೆ, ವೇಗ 8.4 ಮೀಟರಿಗೆ. ತೂಕ ಮೂರನೇ ಒಂದಾದರೂ ವೇಗ ಮೂರನೇ ಒಂದಾಗಲಿಲ್ಲ ಏಕೆ ಎಂದು ಒಬ್ಬ ಹುಡುಗ ಕೇಳಿದ. ವೇಗದ ವರ್ಗ ಸೂತ್ರದಲ್ಲಿ ಕೂತಿರುವುದನ್ನು ಅವನೇ ಕಂಡುಹಿಡಿದ.

ಆಮೇಲೆ ಎಲ್ಲರೂ ಟೇಪು ಹಿಡಿದು ಮೈದಾನ ಅಳೆದೆವು. ಉದ್ದ ನೂರು ಮೀಟರಿಗೆ ತುಸು ಕಡಿಮೆ, ಒಂದು ತುದಿಯಲ್ಲಿ ತೆಂಗಿನ ಮರಗಳ ಸಾಲು. ಕನಿಷ್ಠ ವೇಗಕ್ಕಿಂತ ಕಾಲು ಭಾಗವಾದರೂ ಹೆಚ್ಚಿಗೆ ಹಾರಿಸಬೇಕು. ಹಾಗಾದರೆ 900 ಗ್ರಾಂ ವಿಮಾನ ಮೈದಾನ ದಾಟಲು ಒಂಬತ್ತು ಸೆಕೆಂಡು ಸಾಕು. ಒಂದು, ಎರಡು ಎಂದು ಎಣಿಸುತ್ತ ಮಕ್ಕಳು ತೆಂಗಿನ ಮರದ ಕಡೆ ನೋಡಿದರು. 900 ಗ್ರಾಂ ಮೀರಬಾರದು ಎಂಬ ನಿಯಮವನ್ನು ನಾನು ಹಾಕಬೇಕಾಗಿ ಬರಲಿಲ್ಲ.

ಇಷ್ಟಾದ ಮೇಲೆ ಬೇರೆ ವಿಮಾನಗಳನ್ನು ಹೋಲಿಸಲು ಗುಂಪುಗಳಿಗೆ ಕೊಟ್ಟೆ. ಇಲ್ಲಿ ಒಂದು ಸ್ವಾರಸ್ಯವಿದೆ. ಹಾಕರ್ ಹರಿಕೇನ್‌ನ ರೆಕ್ಕೆ ಸುಮಾರು 23.9 ಚದರ ಮೀಟರ್. ಅದೇ ಅಳತೆಗೆ ಇಳಿಸಿ ಅದೇ ತೂಕದಲ್ಲಿ ಕಟ್ಟಿದರೆ ಕನಿಷ್ಠ ವೇಗ 8.2 ಮೀಟರ್ ಬರುತ್ತದೆ. ಸ್ಪಿಟ್‌ಫೈರ್‌ಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಸೂತ್ರ ತೀರ್ಪು ಕೊಡುತ್ತದೆ ಎಂದು ಕಾದಿದ್ದ ಮಕ್ಕಳಿಗೆ ನಿರಾಸೆಯಾಯಿತು. ಆಯ್ಕೆಗೆ ಬೇರೆ ಕಾರಣಗಳನ್ನು ಹುಡುಕಬೇಕಾಯಿತು.

ಮೊದಲು ಚಕ್ರಗಳು. ಸ್ಪಿಟ್‌ಫೈರ್‌ನ ಎರಡು ಚಕ್ರಗಳ ನಡುವಿನ ಅಂತರ ಕೇವಲ 1.7 ಮೀಟರ್, ಹರಿಕೇನ್‌ನದು 2.3, ಅಮೆರಿಕದ ಮಸ್ಟಾಂಗ್‌ನದು 3.6. ಅಂತರ ಕಿರಿದಾದಷ್ಟೂ ನೆಲದ ಮೇಲೆ ಪಕ್ಕಕ್ಕೆ ವಾಲುವುದು ಸುಲಭ. ನಮ್ಮ ಮೈದಾನದಲ್ಲಿ ಕಲ್ಲು, ಹುಲ್ಲುಗಂಟು ಎರಡೂ ಇವೆ. ಹಾಗಾದರೆ ಮಸ್ಟಾಂಗ್ ಎಂದು ಒಂದು ಗುಂಪು ಘೋಷಿಸಿತು. ಆಗ ಸ್ಪಿಟ್‌ಫೈರ್ ಪಕ್ಷದ ಹುಡುಗಿ ಎದ್ದು, "ಮಿಸ್, ಚಕ್ರವೇ ಇಲ್ದಿದ್ರೆ? ಕೈಯಲ್ಲಿ ಎಸೆದು ಹಾರಿಸಿ, ಹುಲ್ಲಿನ ಮೇಲೆ ಹೊಟ್ಟೆ ಊರಿ ಇಳಿಸೋಣ" ಎಂದಳು. ಈ ವಿಮಾನಗಳು ಹಾರುವಾಗ ಚಕ್ರಗಳನ್ನು ಒಳಗೆ ಮಡಚಿಕೊಳ್ಳುತ್ತವೆ. ಚಕ್ರವಿಲ್ಲದ ಮಾದರಿಯೇ ಆಕಾಶದಲ್ಲಿ ನಿಜಕ್ಕೆ ಹತ್ತಿರ. ಅವಳ ಒಂದು ಮಾತಿನಿಂದ ಹತ್ತು ನಿಮಿಷದ ವಾದವೆಲ್ಲ ಬಿದ್ದುಹೋಯಿತು. ಹೊಟ್ಟೆಯ ಕೆಳಗೆ ದೊಡ್ಡ ಗಾಳಿಬಾಯಿ ಇರುವ ಮಸ್ಟಾಂಗ್‌ಗೇ ಈಗ ತೊಂದರೆ.

ಉಳಿದದ್ದು ರೆಕ್ಕೆಯ ತುದಿ. ತುದಿ ಕಿರಿದಾದಂತೆ ಸಣ್ಣ ಮಾದರಿಯಲ್ಲಿ ಅಲ್ಲಿಯ ಗಾಳಿಯ ಹರಿವು ಬೇಗ ಕಳಚಿಕೊಳ್ಳುತ್ತದೆ. ವೇಗ ತಗ್ಗಿದಾಗ ಒಂದು ತುದಿ ಮೊದಲು ಸ್ಟಾಲ್ ಆದರೆ ವಿಮಾನ ಆ ಕಡೆಗೆ ಉರುಳಿ ಬೀಳುತ್ತದೆ. ನಿಜವಾದ ಸ್ಪಿಟ್‌ಫೈರ್‌ನಲ್ಲೂ ಇದಕ್ಕಾಗಿ ರೆಕ್ಕೆಯನ್ನು ಬುಡದಿಂದ ತುದಿಗೆ ಸುಮಾರು ಎರಡೂವರೆ ಡಿಗ್ರಿ ತಿರುಚಿದ್ದರು. ಇದಕ್ಕೆ ವಾಶ್‌ಔಟ್ ಎನ್ನುತ್ತಾರೆ. ಥರ್ಮೋಕೋಲ್ ಹಾಳೆಯಲ್ಲಿ 40 ಸೆಂ.ಮೀ. ಅಗಲದ ಎರಡು ಪುಟ್ಟ ಗ್ಲೈಡರ್‌ಗಳನ್ನು ಕತ್ತರಿಸಿದೆವು. ಒಂದರ ರೆಕ್ಕೆಯ ತುದಿಯಲ್ಲಿ ಹಿಂಬದಿಯ ಅಂಚನ್ನು ತುಸು ಮೇಲಕ್ಕೆ ತಿರುಚಿ, ಇನ್ನೊಂದನ್ನು ಹಾಗೇ ಬಿಟ್ಟು ಕಾರಿಡಾರಿನಲ್ಲಿ ನಿಧಾನವಾಗಿ ಎಸೆದೆವು. ತಿರುಚದ್ದು ಹೆಚ್ಚು ಸಲ ಪಕ್ಕಕ್ಕೆ ಹೊರಳಿತು. ಸ್ಟಾಲ್ ಎಂದರೇನೆಂದು ಹೇಳಿಕೊಡಲು ಇದಕ್ಕಿಂತ ಅಗ್ಗದ ಉಪಕರಣ ನನಗೆ ಗೊತ್ತಿಲ್ಲ.

ದಪ್ಪ ರೆಕ್ಕೆ, ನೇರ ಅಂಚು ಹರಿಕೇನ್‌ನ ಅನುಕೂಲಗಳು. ಮುರಿದರೆ ಅದೇ ಅಳತೆಯ ತುಂಡನ್ನು ಅರ್ಧ ಗಂಟೆಯಲ್ಲಿ ಕತ್ತರಿಸಬಹುದು. ದೀರ್ಘವೃತ್ತದ ಅಂಚಿಗೆ ಇದು ಸಾಧ್ಯವಿಲ್ಲ. ಜಪಾನಿನ ಝೀರೊ ಒಂದು ಗುಂಪಿನ ಪಟ್ಟಿಯಲ್ಲಿತ್ತು. ಗಿಡ್ಡ ಮೂತಿಯ ವಿಮಾನಗಳಿಗೆ ಗುರುತ್ವ ಕೇಂದ್ರವನ್ನು ಮುಂದಕ್ಕೆ ತರಲು ಮೂತಿಯಲ್ಲಿ ಸೀಸ ತುಂಬಬೇಕಾಗುತ್ತದೆ ಎಂದು ಗೊತ್ತಾದಾಗ ಅದನ್ನು ಅವರೇ ಹೊಡೆದುಹಾಕಿದರು. 900 ಗ್ರಾಂನ ಗಡಿ ಎಲ್ಲರ ತಲೆಯಲ್ಲೂ ಇತ್ತು.

"ನಮ್ಮ ದೇಶದ್ದು ಇಲ್ವಾ?" ಎಂಬ ಪ್ರಶ್ನೆ ಬಂದೇ ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್ ಇದೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎದುರು ನಿಂತಿರುವ ಅದನ್ನು ಕೆಲವರು ಪ್ರವಾಸದಲ್ಲಿ ನೋಡಿದ್ದರು. ಆದರೆ ಅದು ಹಿಂದಕ್ಕೆ ಬಾಗಿದ ರೆಕ್ಕೆಯ ಜೆಟ್. ನಮ್ಮ ಮೋಟರಿಗೂ ಮೈದಾನಕ್ಕೂ ಆಗದು. ಅಲ್ಲಿಯೇ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ ಹಾರಿಸಲು ಸೌಮ್ಯ. ನನ್ನ ಸ್ವಂತ ಮತ ಅದಕ್ಕೇ ಇತ್ತು. ಬಂದೂಕಿಲ್ಲದ ವಿಮಾನ ಯುದ್ಧವಿಮಾನವೇ ಅಲ್ಲ ಎಂದು ಮಕ್ಕಳು ಅದನ್ನು ತಳ್ಳಿಹಾಕಿದರು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್ ಎಂಬುದನ್ನು ಒಬ್ಬಳು ಹುಡುಕಿ ತಂದಳು. ಮತ ಹಾಕಿದಾಗ ಹರಿಕೇನ್ ಗೆದ್ದದ್ದಕ್ಕೆ ನೇರ ಅಂಚಿನಷ್ಟೇ ಇದೂ ಕಾರಣ. ಬಂದೂಕಿನ ಬಗ್ಗೆ ಬಿಟ್ಟುಹೋಗಬೇಕಾಗಿದ್ದ ಮಾತನ್ನು ನನ್ನ ಸಹಪಾಠಿ, ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿ, ಒಂದು ಅವಧಿ ಪೂರ್ತಿ ಎತ್ತಿಕೊಂಡರು. ಇಂಫಾಲದಲ್ಲಿ ಸತ್ತವರ ಲೆಕ್ಕವೂ ಅಲ್ಲಿ ಬಂತು.

ಪ್ರಯತ್ನಿಸುವವರಿಗೆ ಒಂದು ಸೂಚನೆ: 250 ಗ್ರಾಂ ಮೀರಿದ ವಿಮಾನ 2021ರ ಡ್ರೋನ್ ನಿಯಮಗಳ ನ್ಯಾನೊ ವರ್ಗಕ್ಕೆ ಬರುವುದಿಲ್ಲ. ಶಾಲೆ ಹಸಿರು ವಲಯದಲ್ಲಿದೆಯೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ, ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಪ್ರೊಪೆಲ್ಲರ್ ಕೂಡಿಸಿದ ಮೇಲೆ ಬ್ಯಾಟರಿಯ ಸಂಪರ್ಕ ಶಿಕ್ಷಕರ ಕೈಯಲ್ಲೇ ಇರಲಿ.

ಇದನ್ನು ಬರೆಯುವ ಹೊತ್ತಿಗೆ ರೆಕ್ಕೆ ಮುಗಿದಿದೆ, 210 ಗ್ರಾಂ. ಮೋಟರ್, ಬ್ಯಾಟರಿ, ಸರ್ವೋಗಳು ಸೇರಿ 340 ಗ್ರಾಂ. ಉಳಿದ 350 ಗ್ರಾಂನಲ್ಲಿ ಒಡಲು, ಬಾಲ, ಅಂಟು ಎಲ್ಲ ಆಗಬೇಕು. ಬಾಲವನ್ನು ಅಳತೆಗಿಂತ ಸ್ವಲ್ಪ ದೊಡ್ಡದು ಮಾಡಿದರೆ ಹಾರಾಟ ಸ್ಥಿರ ಎಂದು ತೀರ್ಮಾನಿಸಿದ್ದಾರೆ, ಆದ್ದರಿಂದ ಅಲ್ಲಿ ಕೆಲವು ಗ್ರಾಂ ಹೆಚ್ಚು. ಬಣ್ಣ ಬಳಿಯಬೇಕೇ ಬೇಡವೇ ಎಂಬ ಚರ್ಚೆ ಎರಡು ಶನಿವಾರಗಳಿಂದ ನಡೆಯುತ್ತಿದೆ. ಸ್ಪಿಟ್‌ಫೈರ್ ಹುಡುಗಿ ತೂಕದ ಯಂತ್ರ ಹಿಡಿದು ಬೇಡ ಎನ್ನುವವರ ಕಡೆ ಇದ್ದಾಳೆ.